ಸೂಳೆಕೆರೆ, ಮಾರಿಕಣಿವೆ ದೋಣಿಗೆ ಕೈಗೆಟುಕುವ ಪ್ಲಾಟರ್, ಸೌಂಡರ್ ಯಾವುದು ತಗೋಬೇಕು?

ಚನ್ನಗಿರಿ_ದೋಣಿ:
ಎಲ್ಲರಿಗೂ ನಮಸ್ಕಾರ. ನಮ್ಮಣ್ಣನ ಹತ್ರ ಹದಿನಾಲ್ಕು ಅಡಿಯ ಫೈಬರ್ ದೋಣಿ ಇದೆ, ಹಿಂದೆ ಸಣ್ಣ ಔಟ್‌ಬೋರ್ಡ್ ಎಂಜಿನ್. ಇಷ್ಟು ವರ್ಷ ಸೂಳೆಕೆರೆಯಲ್ಲೇ ಬಲೆ ಬಿಡ್ತಿದ್ರು. ಅಲ್ಲಿ ಗಳ ಊರಿದ್ರೆ ಆಳ ಗೊತ್ತಾಗುತ್ತೆ, ಸಿದ್ಧನ ತೂಬಿನ ಕಡೆ ಎಷ್ಟು ಹೂಳು, ಬಸವನ ತೂಬಿನ ಕಡೆ ಎಷ್ಟು ಅಂತ ಅವರಿಗೆ ಬಾಯಿಪಾಠ. ಈ ವರ್ಷದಿಂದ ಹಿರಿಯೂರು ಕಡೆ ವಾಣಿವಿಲಾಸ ಸಾಗರಕ್ಕೂ, ಅದೇ ಮಾರಿಕಣಿವೆ ಡ್ಯಾಮಿಗೂ, ಲೈಸೆನ್ಸ್ ಮಾಡಿಸಿದ್ದಾರೆ. ಅಲ್ಲಿ ಗಳ ತಳ ಮುಟ್ಟಲ್ಲ, ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ಮಾರು ಎಣಿಸಬೇಕು. ನೀರೊಳಗಿನ ಮರದ ಬೊಡ್ಡೆಗೆ ಬಲೆ ಸಿಕ್ಕಿ ಹರಿಯೋದು ದೊಡ್ಡ ನಷ್ಟ. ಸಂಜೆ ಗಾಳಿ ಎದ್ದರೆ ದಡ ಯಾವ ಕಡೆ ಅನ್ನೋದೂ ತಿಳಿಯಲ್ಲ.

ದೋಣಿ ಎಲ್ಲಿದೆ ಅಂತ ನಕ್ಷೆ ಮೇಲೆ ತೋರಿಸೋ ಚಾರ್ಟ್ ಪ್ಲಾಟರ್ ಮತ್ತೆ ಶಬ್ದ ಬಿಟ್ಟು ಆಳ ಅಳೆಯೋ ಸೌಂಡರ್ (ಸೋನಾರ್) ಎರಡೂ ಇರೋ ಒಂದೇ ಯಂತ್ರ ಕೊಡಿಸಬೇಕು ಅಂತಿದ್ದೀನಿ. ಬ್ಯಾಟರಿ, ತಂತಿ ಎಲ್ಲ ಸೇರಿ ಮೂವತ್ತು ಸಾವಿರ ದಾಟಬಾರದು. ಏಳು ಇಂಚಿನ ಸ್ಕ್ರೀನಿನದು ತಗೊಳ್ಳಿ, ತಯಾರಾದ ನಕ್ಷೆ ತುಂಬಿರೋ ಕಾರ್ಡ್ ಬೇರೆ ಹಾಕಿಸಿಕೊಳ್ಳಿ ಅಂತ ಆನ್‌ಲೈನ್‌ನಲ್ಲಿ ಮಾರೋರು ಹೇಳ್ತಾರೆ. ಬಳಸ್ತಿರೋರು ದಯವಿಟ್ಟು ತಿಳಿಸಿ.

ದಾವಣಗೆರೆ_ಗಾಳ:
ದೊಡ್ಡ ಸ್ಕ್ರೀನ್ ತಗೊಳ್ಳಿ ಸರ್, ಚಿಕ್ಕದು ತಗೊಂಡ್ರೆ ಆಮೇಲೆ ಬೇಜಾರಾಗುತ್ತೆ. ಬಿಸಿಲಲ್ಲಿ ನಾಲ್ಕು ಇಂಚಿನ ಸ್ಕ್ರೀನ್ ಅರ್ಧ ನಕ್ಷೆಗೆ, ಅರ್ಧ ಸೋನಾರ್‌ಗೆ ಹಂಚಿದ್ರೆ ಏನೂ ಕಾಣಲ್ಲ. ನಕ್ಷೆ ಕಾರ್ಡ್ ಹಾಕೋ ಜಾಗ ಇರೋದೇ ಒಳ್ಳೇದು, ಮುಂದೆ ಉಪಯೋಗಕ್ಕೆ ಬರುತ್ತೆ.

ಮಾರಿಕಣಿವೆ_ಹಿನ್ನೀರು:
ನಕ್ಷೆ ಕಾರ್ಡಿನ ಮಾತು ನಾನು ಒಪ್ಪಲ್ಲ. ದುಡ್ಡು ಪೋಲಾಗೋದೇ ಅಲ್ಲಿ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಚಾರ್ಟ್ ಪ್ಲಾಟರ್ ಅನ್ನೋದು ಸಮುದ್ರಕ್ಕೆ ಅಂತ ಹುಟ್ಟಿದ ಯಂತ್ರ. ಅಳೆದು ಬರೆದ ನಕ್ಷೆ ಅಲ್ಲಿ ಮೊದಲೇ ಇರುತ್ತೆ, ಯಂತ್ರ ಅದರ ಮೇಲೆ ನಿಮ್ಮ ದೋಣಿಯ ಚುಕ್ಕಿ ಇಡುತ್ತೆ ಅಷ್ಟೆ. ನಮ್ಮ ಕೆರೆ, ಡ್ಯಾಮಿಗೆ ಆ ಲೆಕ್ಕ ಹೊಂದಲ್ಲ. ಕಾರ್ಡ್ ಕೊಳ್ಳೋಕೆ ಮುಂಚೆ ಆ ಕಂಪನಿಯ ವೆಬ್‌ಸೈಟಿನಲ್ಲಿ ನಕ್ಷೆ ತೆಗೆದು ವಾಣಿವಿಲಾಸ ಸಾಗರದ ಮೇಲೆ ಹಿಗ್ಗಿಸಿ ನೋಡಿ. ಆಳದ ಗೆರೆಗಳಿದ್ದರೆ ಕೊಳ್ಳಿ. ಬರೀ ನೀಲಿ ಬಣ್ಣದ ಆಕಾರ ಇದ್ದರೆ ಅದು ನಿಮ್ಮ ಮೊಬೈಲ್‌ನಲ್ಲೂ ಇದೆ, ಪುಕ್ಕಟೆ.

ನಿಮಗೆ ಬೇಕಾಗಿರೋದು ನೀವು ಓಡಾಡಿದಲ್ಲೆಲ್ಲ ಆಳ ಬರೆದುಕೊಂಡು ತಾನೇ ನಕ್ಷೆ ಕಟ್ಟೋ ಯಂತ್ರ. ಗಾರ್ಮಿನ್‌ನವರು ಇದನ್ನ ಕ್ವಿಕ್‌ಡ್ರಾ ಅಂತಾರೆ, ಹಮ್ಮಿನ್‌ಬರ್ಡ್‌ನವರು ಆಟೋಚಾರ್ಟ್ ಲೈವ್, ಲೌರೆನ್ಸ್‌ನವರು ಜೆನೆಸಿಸ್ ಲೈವ್. ಒಂದೊಂದು ಅಡಿಗೆ ಒಂದು ಗೆರೆ ಬೀಳುತ್ತಾ ಹೋಗುತ್ತೆ. ಬಲೆ ಬಿಡೋಕೆ, ಎತ್ತೋಕೆ ಹೇಗೂ ದಿನಾ ಓಡಾಡ್ತೀರಲ್ಲ, ನಿಮ್ಮ ಜಾಗದ ನಕ್ಷೆ ಅದರ ಪಾಡಿಗೆ ತುಂಬ್ತಾ ಹೋಗುತ್ತೆ.

ಮಾದರಿ ನೋಡುವಾಗ ಎಚ್ಚರ. ಗಾರ್ಮಿನ್‌ನ ಹಳೇ ಸ್ಟ್ರೈಕರ್ 4ರಲ್ಲಿ ಜಿಪಿಎಸ್ ಇದೆ, ಗುರುತು ಹಾಕಬಹುದು, ಆದರೆ ಕ್ವಿಕ್‌ಡ್ರಾ ಇಲ್ಲ. ಸ್ಟ್ರೈಕರ್ ಪ್ಲಸ್, ಸ್ಟ್ರೈಕರ್ ವಿವಿಡ್ ಎರಡರಲ್ಲೂ ಇದೆ. ಇವು ಯಾವುದೂ ಹೊರಗಿನ ನಕ್ಷೆ ಕಾರ್ಡ್ ತಗೊಳ್ಳಲ್ಲ, ಅದಕ್ಕೇ ಬೆಲೆ ಕಮ್ಮಿ. ಕಾರ್ಡ್ ಬೇಕು ಅಂದ್ರೆ ಗಾರ್ಮಿನ್‌ನದೇ ಎಕೋಮ್ಯಾಪ್‌ಗೆ ಹೋಗಬೇಕು, ಅದು ನಿಮ್ಮ ಬಜೆಟ್‌ಗೆ ಸಿಗಲ್ಲ. ಹಮ್ಮಿನ್‌ಬರ್ಡ್ ಪಿರಾನಾಮ್ಯಾಕ್ಸ್‌ನಲ್ಲಿ ಜಿಪಿಎಸ್ಸೇ ಇಲ್ಲ, ಬರೀ ಆಳ. ಹೆಸರುಗಳು ಅಣ್ಣತಮ್ಮಂದಿರ ಹೆಸರಿನ ಹಾಗೆ ಇರುತ್ತವೆ, ಒಂದಕ್ಷರ ಬದಲಾದರೆ ಒಳಗಿನ ಸಾಮಾನೇ ಬೇರೆ. ದುಡ್ಡು ಕಟ್ಟೋಕೆ ಮುಂಚೆ ಆ ಮಾದರಿಯ ಕೈಪಿಡಿ ಇಳಿಸಿಕೊಂಡು, ನಕ್ಷೆ ಕಟ್ಟೋ ಪುಟ ಅದರಲ್ಲಿದೆಯಾ ಅಂತ ಕಣ್ಣಾರೆ ನೋಡಿ.

ಚನ್ನಗಿರಿ_ದೋಣಿ:
ಇದು ನನಗೆ ಯಾರೂ ಹೇಳಿರಲಿಲ್ಲ, ತುಂಬಾ ಉಪಕಾರ ಆಯ್ತು ಅಣ್ಣ. ಒಂದು ಅನುಮಾನ. ಡ್ಯಾಮ್ ನೀರು ಏರುತ್ತೆ ಇಳಿಯುತ್ತೆ. ಇವತ್ತು ನಲವತ್ತು ಅಡಿ ಅಂತ ಬರೆದುಕೊಂಡ ಜಾಗ ಬೇಸಿಗೆಗೆ ಇಪ್ಪತ್ತೈದು ಆಗಿರುತ್ತಲ್ಲ? ನಕ್ಷೆ ಸುಳ್ಳಾಗಲ್ವಾ?

ಮಾರಿಕಣಿವೆ_ಹಿನ್ನೀರು:
ಸರಿಯಾದ ಪ್ರಶ್ನೆ. ತಿದ್ದಿಕೊಳ್ಳದೇ ಇದ್ದರೆ ಸುಳ್ಳಾಗುತ್ತೆ. ತಿದ್ದೋಕೆ ಬೇಕಾದ ಅಂಕಿ ನಮಗೆ ದಿನಪತ್ರಿಕೆಯಲ್ಲೇ ಸಿಗುತ್ತೆ.

ನಮ್ಮ ಡ್ಯಾಮಿನ ಪೂರ್ಣ ಮಟ್ಟ 130 ಅಡಿ. ಇವತ್ತಿನ ಮಟ್ಟ ಎಷ್ಟು ಅಂತ ಜಿಲ್ಲೆಯ ಪತ್ರಿಕೆಗಳಲ್ಲಿ ಬರುತ್ತಿರುತ್ತೆ, ಜನ ನೋಡಿ ಒಳಹರಿವಿನ ಬಗ್ಗೆ ಮಾತಾಡಿಕೊಳ್ತಾರೆ. ನೀವು ಅದನ್ನ ಯಂತ್ರಕ್ಕೆ ಹಾಕಬೇಕು. ಮೊದಲ ದಿನ ನಕ್ಷೆ ಶುರು ಮಾಡುವಾಗಿನ ಮಟ್ಟ ಒಂದು ಪುಸ್ತಕದಲ್ಲಿ ಬರೆದಿಡಿ, 128 ಅಂತ ಇಟ್ಕೊಳ್ಳಿ. ಆಮೇಲೆ ಮಟ್ಟ 122ಕ್ಕೆ ಇಳೀತು. ಕ್ವಿಕ್‌ಡ್ರಾ ಸೆಟ್ಟಿಂಗ್‌ನಲ್ಲಿ ರೆಕಾರ್ಡಿಂಗ್ ಆಫ್‌ಸೆಟ್ ಅಂತ ಇದೆ, ಅದಕ್ಕೆ ಪ್ಲಸ್ 6 ಕೊಡಿ. ಇವತ್ತು ಅಳೆದಿದ್ದಕ್ಕೆ ಆರು ಅಡಿ ಸೇರಿಸಿ ಹಳೇ ಲೆಕ್ಕಕ್ಕೇ ಬರೆದುಕೊಳ್ಳುತ್ತೆ. ನೀರು ಏರಿದ್ದರೆ ಮೈನಸ್ ಕೊಡಬೇಕು. ಇದು ಬರೆದುಕೊಳ್ಳೋದಕ್ಕೆ. ಸ್ಕ್ರೀನಿನ ಮೇಲಿನ ಗೆರೆಗಳು ಇವತ್ತಿನ ಆಳ ತೋರಿಸೋಕೆ ಡಿಸ್‌ಪ್ಲೇ ಆಫ್‌ಸೆಟ್ ಅಂತ ಬೇರೆ ಇದೆ. ಎರಡನ್ನೂ ಕಲಸಬೇಡಿ. ಮಟ್ಟ ಎರಡು ಅಡಿ ಬದಲಾದಾಗೆಲ್ಲ ತಿದ್ದಿದ್ರೆ ಸಾಕು, ದಿನಾ ಬೇಡ.

ಇಲ್ಲಿ ಇದು ಯಾಕೆ ಅಷ್ಟು ಮುಖ್ಯ ಅಂತ ಹೇಳ್ತೀನಿ. ವೇದಾವತಿಗೆ ಅಡ್ಡ ಈ ಡ್ಯಾಮ್ ಕಟ್ಟೋಕೆ ಶುರು ಮಾಡಿದ್ದು 1898ರಲ್ಲಿ, ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದಿದ್ದು ಬಿಟ್ಟರೆ ಮತ್ತೆ ಬೀಳೋಕೆ 2022ರ ಸೆಪ್ಟೆಂಬರ್ ಬರಬೇಕಾಯ್ತು. 2025ರ ಜನವರಿಯಲ್ಲಿ ಇನ್ನೊಂದು ಸಲ. ನಡುವೆ ವರ್ಷಗಟ್ಟಲೆ ಹಿನ್ನೀರಿನ ಜಾಗ ಬಯಲಾಗಿತ್ತು, ಜಾಲಿ ಬೆಳೆದಿತ್ತು. ಈಗ ಅದೆಲ್ಲ ನೀರೊಳಗೆ. ನಿಮ್ಮಣ್ಣನ ಬಲೆ ಹರಿತಿರೋದು ಇವಕ್ಕೇ. 130 ಅಡಿ ಮಟ್ಟದಲ್ಲಿ ದೋಣಿ ನಿರಾಳವಾಗಿ ತೇಲಿಹೋದ ಮರ, ಮಟ್ಟ ಹತ್ತಡಿ ಇಳಿದ ಮೇಲೆ ಎಂಜಿನ್ ಫ್ಯಾನಿಗೆ ಬಡಿಯುತ್ತೆ.

ಹರಿಹರ_ಹೊಳೆ:
ಡ್ಯಾಮಿಗೆ ಈ ಲೆಕ್ಕ ಸರಿ ಐತಿ. ಹೊಳ್ಯಾಗ ಮಾಡಬ್ಯಾಡ್ರಿ. ತುಂಗಭದ್ರಾ ಒಂದು ಮಳೆಗಾಲ ಮುಗಿಸೋದ್ರೊಳಗ ತಳಾನ ಬದಲಿ ಮಾಡ್ತಾಳ. ಮರಳು ತಗದ ಗುಂಡಿ ಹೋದ ವರ್ಷ ಒಂದು ಕಡಿ, ಈ ವರ್ಷ ಇನ್ನೊಂದು ಕಡಿ. ಹೊಳಿಗೆ ಸೌಂಡರ್ ಸಾಕು, ಆ ಕ್ಷಣದ ಆಳ ನೋಡ್ಕೊಂಡು ಹೋಗ್ರಿ.

ಹರಿಗೋಲಿನಾಗ ಬಳಸೋರಿಗೆ ಇನ್ನೊಂದು ಮಾತು. ಜಿಪಿಎಸ್‌ಗೆ ನೀವು ಯಾವ ಕಡಿ ಮುಖ ಮಾಡೀರಿ ಅಂತ ಗೊತ್ತಾಗಂಗಿಲ್ಲ, ಯಾವ ಕಡಿ ಸರದೀರಿ ಅಂತ ಅಷ್ಟ ಗೊತ್ತಾಗತೈತಿ. ಹರಿಗೋಲು ತಿರುಗ್ತಾ ಹೋಗತೈತಿ, ಸ್ಕ್ರೀನಿನ ಮ್ಯಾಲಿನ ಬಾಣ ಹುಚ್ಚೆದ್ದು ಕುಣಿತೈತಿ. ನಕ್ಷೆ ಉತ್ತರ ದಿಕ್ಕು ಮ್ಯಾಲ ಇರೂಹಂಗ ಇಟ್ಟುಬಿಡ್ರಿ, ಬಾಣ ನೋಡಬ್ಯಾಡ್ರಿ, ಚುಕ್ಕಿ ಎಲ್ಲೈತಿ ಅಷ್ಟ ನೋಡ್ರಿ. ಎಂಜಿನ್ ಬಂದ್ ಮಾಡಿ ನಿಂತ ದೋಣಿಗೂ ಇದ ಮಾತು.

ಚನ್ನಗಿರಿ_ದೋಣಿ:
ಸೌಂಡರ್ ಬಗ್ಗೆಯೂ ಯಾರಾದ್ರೂ ಬಿಡಿಸಿ ಹೇಳಿ. 50, 77, 200, 455, 800 ಕಿಲೋಹರ್ಟ್ಸ್ ಅಂತ ಡಬ್ಬದ ಮೇಲೆ ಬರೆದಿರ್ತಾರೆ. ನಮಗೆ ಯಾವುದು?

ಕುಮಟಾ_ಬಿಟ್ಟು_ದಾವಣಗೆರೆ:
ನಾನು ಹೇಳ್ತೆ. ನಮ್ಮ ಮನೆಯವರು ಕಡಲಿಗೆ ಹೋಗುವವರು, ನಾನು ಕೆಲಸಕ್ಕೆ ಅಂತ ಈ ಊರಿಗೆ ಬಂದವ.

ಯಂತ್ರ ನೀರೊಳಗೆ ಶಬ್ದ ಬಿಡುತ್ತದೆ, ತಳಕ್ಕೆ ಬಡಿದು ವಾಪಸ್ ಬರಲು ಹಿಡಿದ ಸಮಯದಿಂದ ಆಳ ಲೆಕ್ಕ ಹಾಕುತ್ತದೆ. ಸಿಹಿನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,480 ಮೀಟರ್ ಓಡುತ್ತದೆ, ಉಪ್ಪುನೀರಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಸೆಟ್ಟಿಂಗ್‌ನಲ್ಲಿ ಸಿಹಿನೀರು ಅಂತ ಮೊದಲು ಆರಿಸಿ. ಮೀನು ಹುಡುಕಲು ಕೆಲಸಕ್ಕೆ ಬರುವಂಥ ಮೊದಲ ಯಂತ್ರ ಮಾಡಿದ್ದು ಜಪಾನಿನ ಫುರುನೊ ಸಹೋದರರು, 1948ರಲ್ಲಿ. ತತ್ವ ಅಂದಿಂದ ಇಂದಿನವರೆಗೆ ಅದೇ.

ಕಡಿಮೆ ಕಿಲೋಹರ್ಟ್ಸ್ ಶಬ್ದ ಆಳಕ್ಕೆ ಇಳಿಯುತ್ತದೆ, ಅಗಲಕ್ಕೆ ಹರಡುತ್ತದೆ, ಆದರೆ ಚಿತ್ರ ಒರಟು. ಹೆಚ್ಚು ಕಿಲೋಹರ್ಟ್ಸ್‌ನದು ಕಿರಿದು, ಚಿತ್ರ ಚೊಕ್ಕ. 50 ಕಿಲೋಹರ್ಟ್ಸ್ ನೂರಾರು ಮೀಟರ್ ಆಳದ ಕಡಲಿಗೆ, ನಿಮಗೆ ಬೇಡವೇ ಬೇಡ. 200ರಲ್ಲಿ ಶಬ್ದದ ಶಂಕು ಸುಮಾರು 20 ಡಿಗ್ರಿ ಅಂತಿಟ್ಟುಕೊಳ್ಳಿ, ಆಗ ತಳದಲ್ಲಿ ಅದು ನೋಡುವ ವೃತ್ತದ ಅಗಲ ಆಳದ ಮೂರನೇ ಒಂದು ಭಾಗ. ಅರವತ್ತು ಅಡಿ ಆಳದಲ್ಲಿ ಇಪ್ಪತ್ತು ಅಡಿ ಅಗಲ. ಅದೇ ಸೂಳೆಕೆರೆಯ ಹತ್ತಡಿ ನೀರಲ್ಲಿ ಬರೀ ಮೂರೂವರೆ ಅಡಿ, ದೋಣಿಯ ಅಡಿಯಷ್ಟೇ. 77 ಅಥವಾ 83 ಅಂತ ಬರೆದದ್ದು ಇದರ ಎರಡು ಪಟ್ಟಿಗಿಂತ ಅಗಲ ನೋಡುತ್ತದೆ, ಕಡಿಮೆ ನೀರಿಗೆ ಅದೇ ಇರಲಿ.

455, 800 ಅಂದರೆ ಚಿತ್ರದಂತೆ ತೋರಿಸುವ ಸ್ಕ್ಯಾನ್. ನಿಮ್ಮ ಕಷ್ಟ ಮರದ ಬೊಡ್ಡೆ ಅಂದಿರಲ್ಲ, ಇದು ನಿಮಗೆ ಬೇಕು. ಸಾಧಾರಣ ಸೋನಾರ್‌ನಲ್ಲಿ ಮರ ಒಂದು ಕೆಂಪು ಮುದ್ದೆ, ಮೀನಿನ ಗುಂಪೋ ಮರವೋ ಹೇಳಲಿಕ್ಕಾಗುವುದಿಲ್ಲ. ಸ್ಕ್ಯಾನ್‌ನಲ್ಲಿ ಕೊಂಬೆ ಕೊಂಬೆ ಬಿಡಿಯಾಗಿ ಕಾಣುತ್ತದೆ. ಪಕ್ಕಕ್ಕೆ ನೋಡುವ ಸೈಡ್ ಸ್ಕ್ಯಾನ್ ಇನ್ನೂ ಒಳ್ಳೆಯದು, ಆದರೆ ಆ ಮಾದರಿಗಳು ನಿಮ್ಮ ಮೊತ್ತ ದಾಟುತ್ತವೆ.

ಸ್ಕ್ರೀನಿನ ಮೇಲೆ ಮೀನಿನ ಗೊಂಬೆ ತೋರಿಸುವ ಸೆಟ್ಟಿಂಗ್ ಬಂದ್ ಮಾಡಿ. ಗುಳ್ಳೆ, ಕಸ, ಎಲೆ ಎಲ್ಲದಕ್ಕೂ ಅದು ಮೀನು ಅಂತದೆ. ಬಿಲ್ಲಿನಂಥ ಗೆರೆ ಬಂತಾ ನೋಡಿ. ಮೀನು ಶಂಕುವಿನ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಗೆ ದಾಟಿದರೆ ಬಿಲ್ಲು ಬೀಳುತ್ತದೆ. ದೋಣಿ ನಿಂತಿದ್ದು ಮೀನೂ ನಿಂತಿದ್ದರೆ ಅದೇ ಮೀನು ಉದ್ದ ಗೀಟಾಗಿ ಕಾಣುತ್ತದೆ. ಗೀಟು ಉದ್ದ ಇದ್ದಷ್ಟು ಮೀನು ದೊಡ್ಡದು ಅಂತ ಅರ್ಥ ಅಲ್ಲ.

ಕಡಲಿಗೆ ಹೋಗುವವರು ಇದನ್ನ ಓದುತ್ತಿದ್ದರೆ ಒಂದು ಮಾತು. ಮೇಲೆ ನಕ್ಷೆ ಕಾರ್ಡ್ ಬೇಡ ಅಂದದ್ದು ಕೆರೆ, ಡ್ಯಾಮಿಗೆ ಮಾತ್ರ. ಕಡಲಿಗೆ ಸರಿಯಾದ ನಕ್ಷೆ ಬೇಕೇ ಬೇಕು. ನಮ್ಮ ದೇಶದ ಕಡಲ ನಕ್ಷೆ ತಯಾರಾಗುವುದು ಡೆಹ್ರಾಡೂನಿನ ನೌಕಾಪಡೆಯ ಜಲಮಾಪನ ಕಚೇರಿಯಲ್ಲಿ. ಬಂಡೆ ಇರುವ ಕಡೆ ಸ್ವಂತ ಗೆರೆ ನಂಬಿ ಹೋಗಬೇಡಿ.

ದಾವಣಗೆರೆ_ಗಾಳ:
ನಕ್ಷೆ ವಿಷಯ ಒಪ್ಪಿದೆ, ಕೆರೆಗೆ ಕಾರ್ಡ್ ಬೇಡ. ಸ್ಕ್ರೀನ್ ವಿಷಯದಲ್ಲಿ ನನ್ನ ಮಾತು ಬಿಡಲ್ಲ. ನಾಲ್ಕರ ಬದಲು ಐದು ಇಂಚಾದ್ರೂ ಇರಲಿ.

ಮಾರಿಕಣಿವೆ_ಹಿನ್ನೀರು:
ಐದಕ್ಕೆ ನನ್ನ ಒಪ್ಪಿಗೆಯೂ ಇದೆ. ಏಳು ಬೇಡ, ಬ್ಯಾಟರಿ ಬೇಗ ತಿನ್ನುತ್ತೆ. ಡಬ್ಬದ ಮೇಲೆ ಐಪಿಎಕ್ಸ್ 7 ಅಂತ ಇದೆಯಾ ನೋಡಿ. ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತೆ ಅಂತ ಅದರ ಅರ್ಥ. ಟ್ರಾನ್ಸ್‌ಡ್ಯೂಸರ್, ಅಂದ್ರೆ ನೀರೊಳಗೆ ಶಬ್ದ ಬಿಟ್ಟು ವಾಪಸ್ ಹಿಡಿಯೋ ಭಾಗ, ಡಬ್ಬದಲ್ಲೇ ಸೇರಿದೆಯಾ ಅಂತಲೂ ಕೇಳಿ. ಯಂತ್ರ ಮಾತ್ರ ಕಮ್ಮಿ ಬೆಲೆಗೆ ಹಾಕಿರ್ತಾರೆ, ಟ್ರಾನ್ಸ್‌ಡ್ಯೂಸರ್ ಇಲ್ಲದ ಸೌಂಡರ್ ಗಾಲಿ ಇಲ್ಲದ ಗಾಡಿ.

ಹೊಳಲ್ಕೆರೆ_ತೋಟ:
ಬ್ಯಾಟರಿಗೆ ಅಂತ ಹೊಸದಾಗಿ ದುಡ್ಡು ಹಾಕಬೇಡಿ ಸ್ವಾಮಿ. ಮನೇಲಿ ಔಷಧಿ ಹೊಡೆಯೋ ಬ್ಯಾಟರಿ ಪಂಪ್ ಇದ್ದರೆ ಅದರೊಳಗೆ ಇರೋದು ಸಾಮಾನ್ಯವಾಗಿ 12 ವೋಲ್ಟ್, 8 ಆಂಪಿಯರ್ ಅವರ್‌ನ ಸೀಲ್ಡ್ ಬ್ಯಾಟರಿ. ಹಳ್ಳಿ ಪೇಟೆಯ ಪಂಪ್ ರಿಪೇರಿ ಅಂಗಡೀಲೂ ಸಿಗುತ್ತೆ, ಚಾರ್ಜರ್ ಸಹಿತ. ಐದು ಇಂಚಿನ ಯಂತ್ರ ಅರ್ಧ ಆಂಪಿಯರ್ ಆಸುಪಾಸು ಎಳೆಯುತ್ತೆ. ಸೀಸದ ಬ್ಯಾಟರೀನ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದ್ರೆ ನಾಲ್ಕು ಆಂಪಿಯರ್ ಅವರ್ ಬಳಸಬಹುದು, ಎಂಟು ಗಂಟೆ ಬಂತು. ಒಂದು ದಿನದ ಕೆಲಸಕ್ಕೆ ಧಾರಾಳ.

ಬಳಸದ ತಿಂಗಳಲ್ಲಿ ಖಾಲಿ ಬ್ಯಾಟರಿ ಮೂಲೆಗೆ ಇಡಬೇಡಿ, ಸತ್ತುಹೋಗುತ್ತೆ. ಚಾರ್ಜ್ ಮಾಡಿ ಇಡಿ, ನಡುನಡುವೆ ಮತ್ತೆ ಮಾಡಿ. ಕೈಪಿಡೀಲಿ ಹೇಳಿದ ಫ್ಯೂಸ್ ಪ್ಲಸ್ ತಂತೀಲಿ ಕಡ್ಡಾಯವಾಗಿ ಹಾಕಿ. ಎಂಜಿನ್ನಿಗೆ ಬೇರೆ ಬ್ಯಾಟರಿ ಇದ್ದರೆ ಎರಡನ್ನೂ ಸೇರಿಸಬೇಡಿ, ಮೋಟಾರಿನ ಗಲಾಟೆಯೆಲ್ಲ ಸೋನಾರ್ ಸ್ಕ್ರೀನಿನ ಮೇಲೆ ಗೆರೆ ಗೆರೆಯಾಗಿ ಬರುತ್ತೆ.

ಚನ್ನಗಿರಿ_ದೋಣಿ:
ಪಂಪ್ ನಮ್ಮ ಮನೇಲೇ ಎರಡಿವೆ! ಟ್ರಾನ್ಸ್‌ಡ್ಯೂಸರ್ ಎಲ್ಲಿ ಕೂರಿಸೋದು? ದೋಣಿ ಕೊರೆಯೋಕೆ ಅಣ್ಣ ಒಪ್ಪಲ್ಲ.

ಕುಮಟಾ_ಬಿಟ್ಟು_ದಾವಣಗೆರೆ:
ಕೊರೆಯುವುದು ಬೇಡ. ಗಟ್ಟಿ ಫೈಬರ್ ಆದರೆ ಒಳಗಿನಿಂದಲೇ ತಳಕ್ಕೆ ಅಂಟಿಸಬಹುದು, ಶಬ್ದ ಫೈಬರ್ ದಾಟುತ್ತದೆ. ನಡುವೆ ಫೋಮ್ ಅಥವಾ ಮರದ ಹಲಗೆ ಇದ್ದರೆ ದಾಟುವುದಿಲ್ಲ, ಅಲ್ಯೂಮಿನಿಯಂ ದೋಣಿಯಲ್ಲೂ ಈ ಉಪಾಯ ನಡೆಯುವುದಿಲ್ಲ. ಅಂಟಿಸುವ ಮುಂಚೆ ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಅದರೊಳಗೆ ಟ್ರಾನ್ಸ್‌ಡ್ಯೂಸರ್ ಮುಳುಗಿಸಿ, ಚೀಲವನ್ನ ಒದ್ದೆ ತಳದ ಮೇಲಿಟ್ಟು ಆಳ ಬರುತ್ತದೋ ನೋಡಿ. ಬಂದರೆ ಜಾಗ ಸರಿ.

ಆದರೆ ಹೀಗೆ ಮಾಡಿದರೆ 455, 800ರ ಸ್ಕ್ಯಾನ್ ಚಿತ್ರ ಕೆಡುತ್ತದೆ. ನಿಮಗೆ ಮರ ಕಾಣಬೇಕಲ್ಲ, ಆದ್ದರಿಂದ ಕೋಲಿಗೆ ಕಟ್ಟುವುದೇ ಸರಿ.

ಹರಿಹರ_ಹೊಳೆ:
ಕೋಲಿನ ವಿಷಯ ನಾ ಹೇಳ್ತೀನಿ. ಒಂದಿಂಚಿನ ಜಿಐ ಪೈಪ್, ಕೆಳಗ ಟ್ರಾನ್ಸ್‌ಡ್ಯೂಸರ್, ಮ್ಯಾಲ ದೋಣಿ ಅಂಚಿಗೆ ಹಿಡಿಯೋ ಕ್ಲಾಂಪ್. ವೆಲ್ಡಿಂಗ್ ಅಂಗಡ್ಯಾಗ ಮಾಡಿಕೊಡ್ತಾರ. ಟ್ರಾನ್ಸ್‌ಡ್ಯೂಸರ್ ಮುಖ ನೇರ ಕೆಳಗಿರಬೇಕು, ದೋಣಿ ತಳಕ್ಕಿಂತ ಸ್ವಲ್ಪ ಕೆಳಗ. ಎಂಜಿನ್ ಫ್ಯಾನಿನ ನೊರಿ ಬರೂ ಕಡಿ ಇಡಬ್ಯಾಡ್ರಿ, ಗುಳ್ಳಿ ಬಂದ್ರ ಆಳ ಮಾಯ ಆಗತೈತಿ. ಕ್ಲಾಂಪ್ ಸ್ವಲ್ಪ ಸಡಿಲ ಬಿಡ್ರಿ, ಬೊಡ್ಡಿಗೆ ಬಡಿದ್ರ ಪೈಪ್ ಹಿಂದ ತಿರುಗಬೇಕು, ಮುರೀಬಾರದು. ಪೈಪಿಗೆ ಒಂದು ಹಗ್ಗ ಕಟ್ಟಿ ದೋಣಿಗೆ ಬಿಗೀರಿ. ಬಲಿ ಎಳೆಯೋ ಹೊತ್ತಿಗೆ ಪೈಪ್ ಮ್ಯಾಲ ಎತ್ತಿಬಿಡ್ರಿ, ಇಲ್ಲಾಂದ್ರ ಬಲಿ ಅದಕ್ಕ ಸುತ್ತತೈತಿ.

ಚಿತ್ರದುರ್ಗ_ಭೂಪಟ:
ಇನ್ನೊಂದು ದಾರಿ ಇದೆ, ಒಂದು ರೂಪಾಯಿ ಖರ್ಚಿಲ್ಲ. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಪ್ರೊ ಹಾಕಿಕೊಂಡರೆ ಹಳೇ ವರ್ಷಗಳ ಉಪಗ್ರಹ ಚಿತ್ರ ನೋಡಬಹುದು. ಭದ್ರಾ ನದಿ ನೀರು ಈ ಡ್ಯಾಮಿಗೆ ಬರೋಕೆ ಮುಂಚೆ ತಳ ಕಂಡಿದ್ದ ಬೇಸಿಗೆಗಳಿಗೆ ಹಿಂದೆ ಸರಿದು ನೋಡಿ. ಈಗ ನೀರೊಳಗಿರೋ ಬದು, ಬಾವಿ, ಹಳ್ಳದ ಅಂಚು, ಮರಗಳ ಸಾಲು ಎಲ್ಲ ಕಾಣುತ್ತೆ. ಅಪಾಯದ ಜಾಗಗಳಿಗೆ ಅಲ್ಲೇ ಗುರುತು ಹಾಕಿ, ಅಕ್ಷಾಂಶ ರೇಖಾಂಶ ಬರೆದುಕೊಂಡು ಯಂತ್ರಕ್ಕೆ ಏರಿಸಿ. ನೀರಿಗಿಳಿಯೋ ಮೊದಲೇ ಅರ್ಧ ನಕ್ಷೆ ಸಿದ್ಧ.

ಅಂಕಿ ಹಾಕುವಾಗ ಒಂದು ಕಡೆ ಎಲ್ಲರೂ ಎಡವುತ್ತಾರೆ. ಕಂಪ್ಯೂಟರ್ 14.13 ಡಿಗ್ರಿ ಅಂತ ದಶಮಾಂಶದಲ್ಲಿ ತೋರಿಸಬಹುದು, ಯಂತ್ರ ಡಿಗ್ರಿ ಮತ್ತು ನಿಮಿಷದಲ್ಲಿ ಕೇಳಬಹುದು. 14.13 ಡಿಗ್ರಿ ಅಂದರೆ 14 ಡಿಗ್ರಿ 13 ನಿಮಿಷ ಅಲ್ಲ. ಚುಕ್ಕಿಯ ನಂತರದ್ದನ್ನ 60ರಿಂದ ಗುಣಿಸಬೇಕು, 14 ಡಿಗ್ರಿ 7.8 ನಿಮಿಷ ಆಗುತ್ತೆ. ಅಕ್ಷಾಂಶದ ಒಂದು ನಿಮಿಷ ಸುಮಾರು 1.85 ಕಿಲೋಮೀಟರ್. ತಪ್ಪಾಗಿ 13 ನಿಮಿಷ ಹಾಕಿದರೆ ಗುರುತು ಒಂಬತ್ತು ಕಿಲೋಮೀಟರಿಗೂ ಆಚೆ ಹೋಗಿ ಬೀಳುತ್ತೆ. ಎರಡೂ ಕಡೆ ಒಂದೇ ರೂಪದಲ್ಲಿ ಇಟ್ಟುಕೊಂಡು ಶುರು ಮಾಡಿ.

ಮಾರಿಕಣಿವೆ_ಹಿನ್ನೀರು:
ಇದು ಬಹಳ ಒಳ್ಳೇ ಉಪಾಯ, ನಾನೂ ಇವತ್ತೇ ಕೂತು ಮಾಡ್ತೀನಿ.

ಗಾಳಿ ವಿಷಯ ಒಂದು ಹೇಳಲೇಬೇಕು. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಹಿನ್ನೀರಿನ ಅಗಲದ ಜಾಗದಲ್ಲಿ ಅಲೆ ಹೇಗೆ ಏಳುತ್ತೆ ಅಂತ ಸೂಳೆಕೆರೆಯವರಿಗೆ ಅಂದಾಜು ಸಿಗಲ್ಲ. ದಡದಲ್ಲಿ ದೋಣಿ ಕಟ್ಟೋ ಜಾಗಕ್ಕೆ ಮೊಟ್ಟಮೊದಲ ಗುರುತು ಹಾಕಿ. ಹೋದ ದಾರಿ ಯಂತ್ರದಲ್ಲಿ ಗೆರೆಯಾಗಿ ಉಳಿದಿರುತ್ತೆ, ಕತ್ತಲಾದರೂ ಅದೇ ಗೆರೆ ಹಿಡಿದು ವಾಪಸ್ ಬನ್ನಿ. ನೇರ ದಾರಿ ಹಿಡಿದರೆ ಎಲ್ಲಿ ಮರ ಇದೆಯೋ ಗೊತ್ತಿರಲ್ಲ. ಲೈಫ್ ಜಾಕೆಟ್ ಇಬ್ಬರಿಗೂ ಇರಲಿ. ಬಜೆಟ್ ಸಾಲದಿದ್ದರೆ ಯಂತ್ರ ಮುಂದಿನ ವರ್ಷಕ್ಕೆ ಹೋಗಲಿ, ಜಾಕೆಟ್ ಈ ವರ್ಷವೇ ಬರಲಿ.

ಹೊಳಲ್ಕೆರೆ_ತೋಟ:
ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರೀಲೂ ಒಮ್ಮೆ ವಿಚಾರಿಸಿ. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೇಲಿ ಫಲಾನುಭವಿ ಘಟಕಗಳಿಗೆ ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60 ಸಹಾಯಧನ ಇದೆ. ನಿಮ್ಮ ಸಾಮಾನು ಅದರಲ್ಲಿ ಬರುತ್ತಾ ಅಂತ ಕೊಳ್ಳೋಕೆ ಮುಂಚೆಯೇ ಕೇಳಿ, ಬಿಲ್ ತಗೊಂಡು ಆಮೇಲೆ ಹೋಗಬೇಡಿ.

ಚನ್ನಗಿರಿ_ದೋಣಿ:
ಅಣ್ಣನಿಗೆ ಎಲ್ಲ ಓದಿ ಹೇಳಿದೆ. ಐದು ಇಂಚಿನದು, ತಾನೇ ನಕ್ಷೆ ಕಟ್ಟೋದು, ಸ್ಕ್ಯಾನ್ ಇರೋದು, ಟ್ರಾನ್ಸ್‌ಡ್ಯೂಸರ್ ಸೇರಿರೋದು ಅಂತ ತೀರ್ಮಾನ ಆಯ್ತು. ಕಾರ್ಡ್ ಬೇಡ. ಬ್ಯಾಟರಿ ಪಂಪಿಂದು. ಲೈಫ್ ಜಾಕೆಟ್ ಎರಡು ಇವತ್ತೇ ಹೇಳಿಬಿಟ್ಟೆ. ನಾಳೆ ಚನ್ನಗಿರಿಯ ಮೀನುಗಾರಿಕೆ ಕಚೇರಿಗೆ ಹೋಗಿ ಬರ್ತೀನಿ, ಆಮೇಲೆ ಯಂತ್ರಕ್ಕೆ ಆರ್ಡರ್. ಅಣ್ಣನ ಪ್ರಶ್ನೆ ಒಂದೇ ಉಳಿದಿದೆ: ಯಂತ್ರ ತೋರಿಸೋ ಆಳ ನೀರಿನ ಮೇಲ್ಮೈಯಿಂದಲಾ, ದೋಣಿ ತಳದಿಂದಲಾ?

ಕುಮಟಾ_ಬಿಟ್ಟು_ದಾವಣಗೆರೆ:
ಎರಡೂ ಅಲ್ಲ, ಟ್ರಾನ್ಸ್‌ಡ್ಯೂಸರ್ ಮುಖದಿಂದ. ಅದು ನೀರೊಳಗೆ ಒಂದಡಿ ಇಳಿದಿದ್ದರೆ, ಮೇಲ್ಮೈಯಿಂದ ಆಳ ಬೇಕು ಅಂದರೆ ಒಂದಡಿ ಸೇರಿಸಬೇಕು. ಕೀಲ್ ಆಫ್‌ಸೆಟ್ ಅಂತ ಸೆಟ್ಟಿಂಗ್ ಇರುತ್ತದೆ, ಅಲ್ಲಿ ಹಾಕಿ. ಪೈಪಿನ ಮೇಲೆ ಪೇಂಟಿನಲ್ಲಿ ಒಂದು ಗೆರೆ ಎಳೆದಿಡಿ, ಪ್ರತಿ ಸಲ ಆ ಗೆರೆಗೇ ಇಳಿಸಿ. ಸರಿ ಬಂತೋ ಅಂತ ನೋಡಲು ಸೂಳೆಕೆರೆಯಲ್ಲಿ ದೋಣಿ ನಿಲ್ಲಿಸಿ ಅಣ್ಣನಿಗೆ ಗಳ ಊರಲು ಹೇಳಿ. ಹೂಳು ಇಲ್ಲದ ಗಟ್ಟಿ ತಳ ಇರುವ ಕಡೆ ಮಾಡಿ, ಕೆಸರಿದ್ದರೆ ಗಳ ಒಳಗೆ ಇಳಿದು ಯಂತ್ರಕ್ಕಿಂತ ಜಾಸ್ತಿ ತೋರಿಸುತ್ತದೆ.

ಚನ್ನಗಿರಿ_ದೋಣಿ:
ಬಸವನ ತೂಬಿನ ಕಡೆ ಕಲ್ಲು ತಳ ಇದೆ ಅಂತಾರೆ ಅಣ್ಣ. ಅಲ್ಲೇ ನೋಡ್ತೀವಿ.